ಪರಸ್ಥಳದ ವರ್ತಕನೂ ವಣಿಕ್‌ಸಂಘಗಳೂ: ಕಡೂರು ಸೀಮೆಯನ್ನು ಮುಂದಿಟ್ಟುಕೊಂಡು ಒಂದು ವಿಚಾರ

ಕರ್ಣಾಟಕದ ಪ್ರಾಚೀನ ವಣಿಕ್‌ಸಂಘಗಳನ್ನು ಕುರಿತು ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಅಯ್ಯಾವೊಳೆಯ ಐನೂರ್ವರು, ನಾನಾದೇಶಿಗಳು, ನಕರಗಳು, ತೆಲ್ಲಿಗರ ಐವತ್ತೊಕ್ಕಲು ಮೊದಲಾದ ಹೆಸರುಗಳು ಇತಿಹಾಸದ ವಿದ್ಯಾರ್ಥಿಗಳಿಗೆ ಪರಿಚಿತವಾಗಿವೆ. ಆದರೆ ಈ ಬರಹಗಳಲ್ಲಿ ಬಹುಪಾಲು ಸಂಘಗಳು ಮಾಡಿದ ದಾನಗಳನ್ನೂ ಅವುಗಳ ಬಿರುದಾವಳಿಯನ್ನೂ ವಿವರಿಸುತ್ತವೆ. ಸಂಘದ ಹೊರಗೆ ನಿಂತವನ ಕಡೆಯಿಂದ ಅದನ್ನು ನೋಡುವ ಪ್ರಯತ್ನ ವಿರಳ. ಊರಿಗೆ ಹೊಸಬನಾಗಿ ಬಂದ ವರ್ತಕನು ಯಾವ ಸಂಘವನ್ನು ಸೇರಬೇಕು, ಯಾರ ಮೂಲಕ ಸೇರಬೇಕು, ಸೇರಿದ ಮೇಲೆ ಅವನಿಗೆ ಲಭಿಸುವುದೇನು, ಅವನು ತೆರಬೇಕಾದುದೇನು ಎಂಬ ಪ್ರಶ್ನೆಗಳನ್ನು ಪ್ರಕೃತ ಲೇಖನದಲ್ಲಿ ಎತ್ತಿಕೊಂಡಿದ್ದೇವೆ.

ಇದು ಕೇವಲ ಕುತೂಹಲದ ಪ್ರಶ್ನೆಯಲ್ಲ. ಶ್ರೇಣಿಯೆಂದರೆ ಜಾತಿಯ ಇನ್ನೊಂದು ಹೆಸರು ಎಂದು ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಬರೆಯುವುದುಂಟು. ಅದು ನಿಜವಾಗಿದ್ದರೆ ನಾವು ಎತ್ತಿದ ಪ್ರಶ್ನೆಗೆ ಅವಕಾಶವೇ ಇಲ್ಲ. ಹುಟ್ಟಿನಿಂದ ಒಳಗಿರುವವನಿಗೆ ಆಯ್ಕೆಯಿಲ್ಲ, ಹುಟ್ಟಿನಿಂದ ಹೊರಗಿರುವವನಿಗೆ ಪ್ರವೇಶವಿಲ್ಲ. ಸಂಘವು ಒಪ್ಪಂದದಿಂದ ಕೂಡಿದ ಕೂಟವಾಗಿದ್ದರೆ ಮಾತು ಬೇರೆ. ಹೊಸಬನನ್ನು ಅದು ಹೇಗೆ ಕಂಡಿತೆಂಬುದರಿಂದಲೇ ಅದರ ನಿಜಸ್ವರೂಪವು ಗೊತ್ತಾಗುತ್ತದೆ.

ಮೊದಲು ನಾಡಿನ ಪರಿಚಯ ಮಾಡಿಕೊಳ್ಳೋಣ. ಕಡೂರು, ತರೀಕೆರೆ, ಅಜ್ಜಂಪುರಗಳು ಇಂದು ಚಿಕ್ಕಮಗಳೂರು ಜಿಲ್ಲೆಯ ತಾಲೂಕುಗಳು. ಇವುಗಳಲ್ಲಿ ಅಜ್ಜಂಪುರವು ಈಚೆಗೆ ತರೀಕೆರೆಯಿಂದ ಬೇರ್ಪಟ್ಟು ತಾಲೂಕಾದುದು. ೧೮೬೩ರಲ್ಲಿ ಏರ್ಪಟ್ಟ ಜಿಲ್ಲೆಗೆ ಕಡೂರಿನ ಹೆಸರೇ ಇದ್ದಿತು. ಮುಖ್ಯಸ್ಥಳವು ಬಹುಬೇಗ ಚಿಕ್ಕಮಗಳೂರಿಗೆ ಹೋದರೂ ಆ ಹೆಸರು ೧೯೪೭ರ ವರೆಗೆ ಉಳಿಯಿತು. ಆದುದರಿಂದಲೇ ಬಿ. ಎಲ್. ರೈಸ್ ಅವರು ೧೯೦೧ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಆರನೆಯ ಸಂಪುಟವು ಕಡೂರು ಜಿಲ್ಲೆಯ ಶಾಸನಗಳೆಂಬ ಹೆಸರಿನಿಂದ ಪ್ರಕಟವಾಯಿತು.

ಈ ಸೀಮೆಯ ಪಡುವಣಕ್ಕೆ ಭದ್ರಾನದಿಯೂ ಮಲೆನಾಡಿನ ಕಾಡೂ ಇವೆ. ಮೂಡಣಕ್ಕೆ ವೇದಾವತಿಯ ಬಯಲುಸೀಮೆಯಿದೆ. ಮಲೆನಾಡಿನ ಅಡಕೆ ಮೆಣಸುಗಳು ಬಯಲಿಗೆ ಇಳಿಯುವುದಕ್ಕೂ ಬಯಲಿನ ಕಾಳುಕಡ್ಡಿ, ಎಣ್ಣೆ, ಬಟ್ಟೆಗಳು ಮಲೆನಾಡಿಗೆ ಏರುವುದಕ್ಕೂ ತರೀಕೆರೆ ಕಡೂರುಗಳ ದಾರಿ ಸಹಜವಾದುದು. ಇಂದಿಗೂ ಬೀರೂರಿನ ಮಾರುಕಟ್ಟೆಯಲ್ಲಿ ಅಡಕೆಯೂ ಕೊಬ್ಬರಿಯೂ ಕೂಡುವುದಕ್ಕೆ ಈ ನೆಲದ ಸ್ವಭಾವವೇ ಕಾರಣ. ಹೊಯ್ಸಳರ ಕಾಲದಲ್ಲಿ ಆಸಂದಿಯು ಒಂದು ನಾಡಿನ ಮುಖ್ಯಸ್ಥಳವಾಗಿದ್ದು, ಗಂಗವಂಶದವರೆಂದು ಹೇಳಿಕೊಂಡ ಸಾಮಂತರು ಅಲ್ಲಿ ಆಳುತ್ತಿದ್ದರು. ತರೀಕೆರೆಗೆ ಸಮೀಪದ ಅಮೃತಾಪುರದಲ್ಲಿ ಇಮ್ಮಡಿ ವೀರಬಲ್ಲಾಳನ ದಂಡನಾಯಕನು ೧೧೯೬ರಲ್ಲಿ ಅಮೃತೇಶ್ವರ ದೇವಾಲಯವನ್ನು ಕಟ್ಟಿಸಿದನು. ಅಲ್ಲಿಯ ಶಾಸನವನ್ನು ರಚಿಸಿದವನು ಕವಿ ಜನ್ನ; ಅಲ್ಲಿ ಕೆಲಸಮಾಡಿದ ರೂವಾರಿಗಳಲ್ಲಿ ಮಲ್ಲಿತಮ್ಮನೂ ಒಬ್ಬ. ಇಂತಹ ದೇವಾಲಯ ಎದ್ದ ಕಡೆ ನಂದಾದೀವಿಗೆಗೆ ಎಣ್ಣೆ, ಪೂಜೆಗೆ ಹೂವು, ನೈವೇದ್ಯಕ್ಕೆ ಅಕ್ಕಿ ತುಪ್ಪ, ತಾಂಬೂಲಕ್ಕೆ ಎಲೆ ಅಡಕೆ ನಿತ್ಯವೂ ಬೇಕು. ಬೇಡಿಕೆಯಿರುವಲ್ಲಿಗೆ ವರ್ತಕನು ಬರುತ್ತಾನೆ. ಹಾಗೆ ಬಂದ ಒಬ್ಬನನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದುವರಿಯೋಣ.

ಅವನ ಮುಂದೆ ಒಂದೇ ಸಂಘವಿರಲಿಲ್ಲ. ಶಾಸನಗಳಲ್ಲಿ ಕಾಣುವ ಕೂಟಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ನಕರ, ಎಂದರೆ ಒಂದು ಪಟ್ಟಣದಲ್ಲಿ ನೆಲೆಸಿದ ವರ್ತಕರ ಕೂಟ. ಇದರ ಹಿರಿಯನೇ ಸಾಮಾನ್ಯವಾಗಿ ಪಟ್ಟಣಸ್ವಾಮಿ. ಅಂಗಡಿಸಾಲು, ಸಂತೆ, ದೇವಾಲಯದ ದತ್ತಿ ಮುಂತಾದ ಊರಿನ ವ್ಯವಹಾರಗಳಲ್ಲಿ ಇದರ ಮಾತು ನಡೆಯುತ್ತಿದ್ದಿತು. ಎರಡನೆಯದು ಕಸುಬಿನ ಕೂಟ: ಎಣ್ಣೆ ತೆಗೆಯುವ ತೆಲ್ಲಿಗರದು, ಎಲೆ ಮಾರುವ ತಂಬುಲಿಗರದು, ಹೂವಿನ ಮಾಲೆಗಾರರದು, ಕಂಚುಗಾರರದು. ೭೨೫ರ ಕಾಲದಷ್ಟು ಹಿಂದೆಯೇ ಲಕ್ಷ್ಮೇಶ್ವರದ ಶಾಸನವು ಕಂಚುಗಾರರ ಶ್ರೇಣಿಯನ್ನು ಹೆಸರಿಸುತ್ತದೆ. ಮೂರನೆಯದು ದೇಶಾಂತರ ವ್ಯಾಪಾರದ ಮಹಾಸಂಘ. ಅಯ್ಯಾವೊಳೆಯ ಐನೂರ್ವರು, ನಾನಾದೇಶಿಗಳು, ಅವರೊಡನೆ ಹೆಸರು ಹೇಳಲ್ಪಡುವ ಮುಮ್ಮುರಿದಂಡ ಇವೆಲ್ಲ ಈ ಬಗೆಗೆ ಸೇರಿದವು.

ಅಯ್ಯಾವೊಳೆಯೆಂದರೆ ಬಾಗಲಕೋಟೆ ಜಿಲ್ಲೆಯ ಇಂದಿನ ಐಹೊಳೆ. ಆದರೆ ಐನೂರ್ವರು ಆ ಊರಿಗೆ ಕಟ್ಟುಬಿದ್ದವರಲ್ಲ. ಶಿಕಾರಿಪುರ ತಾಲೂಕಿನ ಹನ್ನೊಂದನೆಯ ಶತಮಾನದ ಒಂದು ಶಾಸನವು ಅವರು ಚೇರ, ಚೋಳ, ಪಾಂಡ್ಯ, ಮಗಧ, ಸೌರಾಷ್ಟ್ರ, ನೇಪಾಳಗಳ ವರೆಗೆ ಸಂಚರಿಸಿದರೆಂದೂ, ಆನೆ, ಕುದುರೆ, ರತ್ನಗಳನ್ನೂ ಏಲಕ್ಕಿ, ಲವಂಗ, ಶ್ರೀಗಂಧ, ಕರ್ಪೂರ, ಕಸ್ತೂರಿಗಳನ್ನೂ ಮಾರಿದರೆಂದೂ ವರ್ಣಿಸುತ್ತದೆ. ವರ್ಣನೆಯಲ್ಲಿ ಉತ್ಪ್ರೇಕ್ಷೆಯಿರಬಹುದು. ಆದರೆ ೧೦೮೮ರಲ್ಲಿ ಸುಮಾತ್ರಾ ದ್ವೀಪದ ಬಾರುಸ್ ಸಮೀಪದಲ್ಲಿ ಐನೂರ್ವರ ಹೆಸರಿನ ತಮಿಳು ಶಾಸನವು ನೆಟ್ಟುದನ್ನು ನೆನೆದರೆ, ಅವರ ಸಂಚಾರವು ಬರಿಯ ಕವಿಕಲ್ಪನೆಯಲ್ಲವೆಂದು ಒಪ್ಪಬೇಕಾಗುತ್ತದೆ.

ಹೀಗಿರುವಲ್ಲಿ ನಮ್ಮ ಹೊಸ ವರ್ತಕನು ಆರಿಸುವುದು ಹೇಗೆ? ಹೆಸರಿನ ಹಿರಿಮೆಯನ್ನು ನೋಡಿ ಆರಿಸಿದರೆ ಅವನು ಕೆಡುವನು. ತರೀಕೆರೆಯ ಸುತ್ತಿನ ಹತ್ತು ಹಳ್ಳಿಗಳಿಗೆ ಎಣ್ಣೆ ಒದಗಿಸುವವನಿಗೆ ನಾನಾದೇಶಿಗಳ ನಂಟಿನಿಂದ ಆಗುವ ಪ್ರಯೋಜನ ಅಲ್ಪ; ಅವನಿಗೆ ಬೇಕಾದುದು ಗಾಣದ ಹಕ್ಕು, ಅದನ್ನು ಕೊಡಬಲ್ಲವರು ತೆಲ್ಲಿಗರು. ಒಂದೂರಿನಲ್ಲಿ ಅಂಗಡಿಯಿಟ್ಟು ಕೂರುವವನಿಗೆ ನಕರದ ಒಪ್ಪಿಗೆ ಮುಖ್ಯ. ಘಟ್ಟದ ಮೆಣಸನ್ನು ಎತ್ತಿನ ಹೇರಿನಲ್ಲಿ ಹಲವು ನಾಡುಗಳ ಸುಂಕದ ಕಟ್ಟೆಗಳನ್ನು ದಾಟಿಸಬೇಕಾದವನಿಗೆ ಮಾತ್ರ ಮಹಾಸಂಘದ ಆಶ್ರಯವಿಲ್ಲದೆ ನಡೆಯದು. ಹೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಸುಂಕಗಳ ಅಧಿಕಾರಿಗಳೊಡನೆ ಒಬ್ಬಂಟಿಗನು ವಾದಿಸಲಾರನು, ಸಂಘವು ವಾದಿಸಬಲ್ಲುದು. ಕಾಡುದಾರಿಯಲ್ಲಿ ಕಳ್ಳರನ್ನು ಒಬ್ಬಂಟಿಗನು ಎದುರಿಸಲಾರನು. ಶಾಸನಗಳು ಸಂಘದ ಪರಿವಾರದಲ್ಲಿ ಹೇಳುವ ಬೀರರೂ ಬೀರವಣಿಗರೂ ಎದುರಿಸಬಲ್ಲರು. ಹೀಗೆ ಸರಕು ಯಾವುದು, ಅದು ಹೋಗಬೇಕಾದ ದೂರವೆಷ್ಟು, ತಾನು ನಿಲ್ಲುವ ಸ್ಥಳವೆಲ್ಲಿ ಎಂಬ ಮೂರು ವಿಷಯಗಳು ಸಂಘವನ್ನು ಗೊತ್ತುಮಾಡುತ್ತಿದ್ದುವೆಂದು ಹೇಳಬಹುದು. ಒಬ್ಬನೇ ಎರಡು ಕೂಟಗಳಲ್ಲಿರುವುದಕ್ಕೂ ಅಡ್ಡಿಯಿರಲಿಲ್ಲ. ಊರಿನ ನಕರದ ಹಿರಿಯರೂ ನಾನಾದೇಶಿಗಳೂ ಒಂದೇ ದತ್ತಿಯಲ್ಲಿ ಒಟ್ಟಾಗಿ ನಿಲ್ಲುವುದು ಶಾಸನಗಳಲ್ಲಿ ಸಾಮಾನ್ಯ.

ಇನ್ನು ಪ್ರವೇಶದ ವಿಚಾರ. ಇಲ್ಲಿ ಧರ್ಮಶಾಸ್ತ್ರಗಳ ಸಹಾಯವನ್ನು ಪಡೆಯಬೇಕಾಗುತ್ತದೆ. ಸ್ಮೃತಿಗಳು ಹೇಗಿರಬೇಕೆಂಬುದನ್ನು ಹೇಳುತ್ತವೆಯೇ ಹೊರತು ಹೇಗಿದ್ದಿತೆಂಬುದನ್ನಲ್ಲವೆಂಬ ಆಕ್ಷೇಪ ನ್ಯಾಯವಾದುದೇ. ಆದರೂ ಈ ವಿಷಯದಲ್ಲಿ ನಮಗೊಂದು ವಿಶೇಷಾನುಕೂಲವಿದೆ. ಯಾಜ್ಞವಲ್ಕ್ಯಸ್ಮೃತಿಯ ಮೇಲೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ಇದ್ದವನು. ಸಂಘಗಳು ಉಚ್ಛ್ರಾಯಸ್ಥಿತಿಯಲ್ಲಿದ್ದ ನಾಡಿನ ನಡುವೆ ಕುಳಿತು ಅವನು ಬರೆದನು. ಅವನ ಮಾತಿಗೆ ಬೇರೆಲ್ಲಿಯೋ ಬರೆದವನ ಮಾತಿಗಿಂತ ಹೆಚ್ಚು ತೂಕವಿದೆ.

ಶ್ರೇಣಿಯೆಂದರೇನೆಂದು ವಿವರಿಸುವಾಗ ವಿಜ್ಞಾನೇಶ್ವರನು, ನಾನಾ ಜಾತಿಗಳವರಾಗಿದ್ದರೂ ಒಂದೇ ಬಗೆಯ ಕಸುಬಿನಿಂದ ಜೀವಿಸುವವರ ಕೂಟವೆಂದು ಅರ್ಥಮಾಡಿ, ಕುದುರೆ ಮಾರುವವರು, ಎಲೆ ಮಾರುವವರು, ನೇಕಾರರು, ಚಮ್ಮಾರರು ಮುಂತಾದವರನ್ನು ಉದಾಹರಿಸುತ್ತಾನೆ. ನಾನಾ ಜಾತಿಗಳವರೆಂಬ ಈ ಮಾತು ಅತ್ಯಂತ ಮಹತ್ತ್ವದ್ದು. ಕೂಟಕ್ಕೆ ಕಾರಣವಾದುದು ಹುಟ್ಟಲ್ಲ, ಕಸುಬು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಪ್ರವೇಶದ ಕ್ರಮವನ್ನು ಬೃಹಸ್ಪತಿಸ್ಮೃತಿಯು ಸೂಚಿಸುತ್ತದೆ. ಕೂಡಿ ಕೆಲಸಮಾಡುವವರು ಮೊದಲು ಪರಸ್ಪರ ವಿಶ್ವಾಸವನ್ನು ಸ್ಥಾಪಿಸಿಕೊಳ್ಳಬೇಕು. ಅದಕ್ಕೆ ದೇವರ ತೀರ್ಥ ಕುಡಿದು ಮಾಡುವ ಪ್ರಮಾಣ, ಬರೆದ ಪತ್ರ, ಮಧ್ಯಸ್ಥರು ಎಂಬ ಮೂರು ಮಾರ್ಗಗಳು. ಹೊಸಬನ ಪಾಲಿಗೆ ಇವುಗಳಲ್ಲಿ ಮಧ್ಯಸ್ಥನೇ ಮುಖ್ಯನೆಂದು ತೋರುತ್ತದೆ. ಏಕೆಂದರೆ ಅಪರಿಚಿತನ ಪ್ರಮಾಣಕ್ಕೂ ಪತ್ರಕ್ಕೂ ಬೆಲೆ ಬರುವುದು ಅವನನ್ನು ಬಲ್ಲವನೊಬ್ಬನು ನಡುವೆ ನಿಂತಾಗ. ಕಾತ್ಯಾಯನನು ಇನ್ನೂ ಮುಂದುವರಿದು, ಗಣಗಳ ಹಾಗೂ ಶ್ರೇಣಿಗಳ ನಡುವೆ ಬಂದು ಸೇರಿದವರೆಲ್ಲರೂ ಅದರ ಹಿಂದಿನ ಧನಕ್ಕೂ ಋಣಕ್ಕೂ ಸಮಭಾಗಿಗಳೆಂದು ವಿಧಿಸುತ್ತಾನೆ. ಆದುದರಿಂದ ಸೇರುವ ಮುನ್ನ ಸಂಘದ ಸಾಲವೆಷ್ಟೆಂದು ವಿಚಾರಿಸುವುದು ವಿವೇಕಿಯಾದ ವರ್ತಕನ ಕರ್ತವ್ಯವಾಗಿದ್ದಿತು. ಸೇರಿದ ಮೇಲೆ ಕಟ್ಟಳೆಯನ್ನು ಮೀರಿದವನಿಗೂ ಗಣದ ದ್ರವ್ಯವನ್ನು ಅಪಹರಿಸಿದವನಿಗೂ ಯಾಜ್ಞವಲ್ಕ್ಯನು ಹೇಳುವ ಶಿಕ್ಷೆ ಸರ್ವಸ್ವಹರಣ, ದೇಶದಿಂದ ಹೊರದೂಡುವಿಕೆ.

ಕಸುಬನ್ನೇ ಅರಿಯದ ಹೊಸಬನಿಗೆ ಬೇರೆ ದಾರಿಯಿದ್ದಿತು. ಅವನು ಅಂತೇವಾಸಿಯಾಗಿ ಗುರುವಿನ ಮನೆಯಲ್ಲಿ ಗೊತ್ತಾದ ಅವಧಿಯ ವರೆಗೆ ಇರಬೇಕು. ಗುರುವು ಅನ್ನ ಕೊಡಬೇಕು. ಅವಧಿಗೆ ಮುನ್ನವೇ ವಿದ್ಯೆ ಕೈಗೂಡಿದರೂ ದುಡಿಮೆಯ ಫಲವು ಅಲ್ಲಿಯ ವರೆಗೆ ಗುರುವಿನದೇ. ಇಂಗ್ಲೆಂಡಿನಲ್ಲಿ ೧೫೬೩ರ ಕಾಯಿದೆಯು ಕಸುಬು ಕಲಿಯುವವನಿಗೆ ಏಳು ವರ್ಷಗಳನ್ನು ಗೊತ್ತುಮಾಡಿತು. ನಮ್ಮಲ್ಲಿ ಅವಧಿಯನ್ನು ಗುರುಶಿಷ್ಯರ ಒಪ್ಪಂದಕ್ಕೆ ಬಿಟ್ಟಿದ್ದಿತು.

ಗ್ರಂಥಗಳ ಈ ಮಾತಿಗೆ ನೈಜ ನಿದರ್ಶನಗಳಿವೆಯೇ? ಇವೆ. ಮಾಳವದ ಮಂದಸೋರ್ ಶಾಸನದಲ್ಲಿ ಲಾಟದೇಶದ ರೇಷ್ಮೆ ನೇಯ್ಗೆಯವರ ಶ್ರೇಣಿಯು ದಶಪುರಕ್ಕೆ ವಲಸೆ ಬಂದು ಸುಮಾರು ೪೩೭ರಲ್ಲಿ ಸೂರ್ಯದೇವಾಲಯವನ್ನು ಕಟ್ಟಿಸಿ, ೪೭೩ರಲ್ಲಿ ಅದನ್ನು ಜೀರ್ಣೋದ್ಧಾರ ಮಾಡಿತೆಂದಿದೆ. ಅವರಲ್ಲಿ ಕೆಲವರು ಧನುರ್ವಿದ್ಯೆಯನ್ನೂ ಕೆಲವರು ಜ್ಯೋತಿಷವನ್ನೂ ಹಿಡಿದರು. ಆದರೂ ಶ್ರೇಣಿ ಒಡೆಯಲಿಲ್ಲ. ಇಲ್ಲಿ ಹೊಸಬರು ತಮ್ಮ ಸಂಘವನ್ನು ತಾವೇ ಹೊತ್ತು ತಂದರು. ಒಬ್ಬೊಬ್ಬರಾಗಿ ಬಂದವರ ನಿದರ್ಶನ ನಮ್ಮ ನಾಡಿನಲ್ಲಿಯೇ ಇದೆ. ಬೇಲೂರಿನ ಚೆನ್ನಕೇಶವ ದೇವಾಲಯಕ್ಕೆ ೧೧೧೭ರ ಸುಮಾರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಬಂದು ದುಡಿದರು. ತಾವು ಕೆತ್ತಿದ ವಿಗ್ರಹಗಳ ಕೆಳಗೆ ತಮ್ಮ ಊರಿನ ಹೆಸರನ್ನೂ ಅವರು ಕೊರೆದಿಟ್ಟರು. ಅದೇ ಅವರ ಪರಿಚಯಪತ್ರ.

ವ್ಯಾಪಾರದಲ್ಲಂತೂ ಕಡೂರಿನ ನೆರೆಯ ಅರಸೀಕೆರೆಯ ಶಾಸನಗಳು ಕಣ್ಣು ತೆರೆಸುವಂತಿವೆ. ಮಲೆಯಾಳ ದೇಶದಿಂದ ಬಂದ ವರ್ತಕರು ಹೊಯ್ಸಳ ನಾಡಿನಲ್ಲಿ ನೆಲೆಸಿ, ವಡ್ಡವ್ಯವಹಾರಿಗಳೆನಿಸಿ, ಅರಸನ ಮನ್ನಣೆಗೆ ಪಾತ್ರರಾದರು. ಕಮ್ಮಟದ ಚಟ್ಟಿಸೆಟ್ಟಿಯು ಹಡಗುಗಳಲ್ಲಿ ಕುದುರೆ, ಆನೆ, ಮುತ್ತುಗಳನ್ನು ತರಿಸಿ ಅರಸರಿಗೆ ಮಾರಿದವನೆಂದು ಪ್ರಸಿದ್ಧನಾದನು. ಪರಭಾಷೆಯ ಪರದೇಶಿಯು ಕನ್ನಡ ನಾಡಿನ ಸೆಟ್ಟಿಯಾಗುವುದು ಸಾಧ್ಯವಾದುದು ಸಂಘದ ಬಾಗಿಲು ತೆರೆದಿದ್ದುದರಿಂದ.

ಇದಕ್ಕೆ ಒಂದು ಪ್ರಬಲವಾದ ಆಕ್ಷೇಪವನ್ನು ತರಬಹುದು. ಐನೂರ್ವರ ಪ್ರಶಸ್ತಿಯು ಅವರನ್ನು ಮೂಲಭದ್ರನ ವಂಶದಲ್ಲಿ ಹುಟ್ಟಿದವರೆಂದು ಹೊಗಳುತ್ತದೆ. ವಂಶವೆಂದ ಮೇಲೆ ಹುಟ್ಟೇ ಪ್ರಧಾನವಾಯಿತಲ್ಲವೇ? ನಮ್ಮ ಅಭಿಪ್ರಾಯದಲ್ಲಿ ಆ ಮಾತನ್ನು ಅಕ್ಷರಶಃ ತೆಗೆದುಕೊಳ್ಳಲಾಗದು. ಅದೇ ಪ್ರಶಸ್ತಿ ಹೊತ್ತವರಲ್ಲಿ ಶೈವರೂ ವೈಷ್ಣವರೂ ಜೈನರೂ ಇದ್ದರು. ಗವರೆಗಳೂ ಗಾತ್ರಿಗರೂ ಸೆಟ್ಟಿಗಳೂ ಗಾವುಂಡರೂ ಇದ್ದರು. ಕನ್ನಡಿಗರೂ ತಮಿಳರೂ ಇದ್ದರು. ಇಷ್ಟು ಮಂದಿಗೆ ಒಬ್ಬನೇ ಮೂಲಪುರುಷನಿರುವುದು ಅಸಂಭವ. ಆದುದರಿಂದ ಇದು ಹುಟ್ಟಿನಿಂದ ಬಂದ ವಂಶವಲ್ಲ, ಸೇರಿದವರೆಲ್ಲರಿಗೂ ಸಂಘವು ಹಂಚಿದ ವಂಶ. ರಕ್ತಸಂಬಂಧವಿಲ್ಲದವರ ನಡುವೆ ನಂಬಿಕೆ ಬೆಳೆಯಲೆಂದು ಎಲ್ಲರಿಗೂ ಒಬ್ಬ ಮೂಲಪುರುಷನನ್ನೂ ಒಬ್ಬ ದೇವಿಯನ್ನೂ ಒಂದು ಧ್ವಜವನ್ನೂ ಕಲ್ಪಿಸಿಕೊಂಡರು. ಈ ಕೂಟಗಳಿಗೆ ಶಾಸನಗಳು ಸಮಯವೆಂಬ ಶಬ್ದವನ್ನು ಬಳಸುವುದೂ ಗಮನಾರ್ಹ. ಸಮಯವೆಂದರೆ ಒಡಂಬಡಿಕೆ, ಕಟ್ಟಳೆ. ಕುಲವೆಂದು ಹೇಳಬಹುದಾಗಿದ್ದ ಕಡೆ ಸಮಯವೆಂದು ಹೇಳಿದುದು ಆಕಸ್ಮಿಕವಲ್ಲ.

ಹಾಗೆಂದು ಸಂಘಗಳು ಎಲ್ಲರಿಗೂ ಸಮಾನವಾಗಿ ತೆರೆದಿದ್ದುವೆಂದು ಭಾವಿಸಿದರೆ ಎದುರು ಬದಿಯ ತಪ್ಪಾಗುತ್ತದೆ. ಧನಋಣಗಳಿಗೆ ಸಮಭಾಗಿಯಾಗಬೇಕಾದರೆ ಮೊದಲು ಧನವಿರಬೇಕು. ಮಧ್ಯಸ್ಥನು ದೊರೆಯಬೇಕಾದರೆ ಊರಲ್ಲಿ ಗುರುತಿನವನೊಬ್ಬನಿರಬೇಕು. ಹೇರೆತ್ತುಗಳ ಹಿಂದೆ ನಡೆದು ಕೂಲಿ ಪಡೆದವನಿಗೆ ಎರಡೂ ಇರಲಿಲ್ಲ. ಸಂಘದ ಸರಕನ್ನು ಹೊತ್ತು ತಿರುಗಿದರೂ ಅವನು ಸಂಘದವನಾಗಲಿಲ್ಲ. ಜೊತೆಗೆ ಕಸುಬು ತಂದೆಯಿಂದ ಮಗನಿಗೆ ಬರುತ್ತ ಬಂದಂತೆ ಕಾಲಕ್ರಮದಲ್ಲಿ ಒಡಂಬಡಿಕೆಯ ಕೂಟವೇ ಹುಟ್ಟಿನ ಕೂಟವಾಗಿ ಗಟ್ಟಿಯಾಯಿತು. ಮೂರು ತಲೆಮಾರುಗಳ ಹಿಂದೆ ಹೊಸಬನಾಗಿ ಬಂದವನ ಮೊಮ್ಮಗನೇ ಮುಂದೆ ಬಂದ ಹೊಸಬನಿಗೆ ಬಾಗಿಲನ್ನು ಮುಚ್ಚಿರಬಹುದು. ಶ್ರೇಣಿಯೇ ಜಾತಿಯೆಂಬ ವಾಕ್ಯವು ಈ ಕಥೆಯ ಕೊನೆಯ ಘಟ್ಟಕ್ಕೆ ಹೊಂದಬಹುದು. ಮೊದಲ ಘಟ್ಟಕ್ಕೆ ಹೊಂದದು.

ಆದುದರಿಂದ ವಿದ್ಯಾರ್ಥಿಗಳಲ್ಲಿ ನಮ್ಮ ಸೂಚನೆಯಿಷ್ಟು. ದಾನಶಾಸನವನ್ನು ಓದುವಾಗ ಅರಸನ ಬಿರುದುಗಳಲ್ಲಿಯೂ ದಾನದ ಮೊತ್ತದಲ್ಲಿಯೂ ನಿಂತುಬಿಡದೆ, ಕೊನೆಯಲ್ಲಿ ಬರುವ ಸೆಟ್ಟಿಗಳ ಹೆಸರುಗಳನ್ನು ಒಂದೊಂದಾಗಿ ಗುರುತುಹಾಕಬೇಕು. ಯಾವ ಹೆಸರಿನ ಹಿಂದೆ ಬೇರೆ ಊರಿನ ಹೆಸರಿದೆ, ಯಾವುದು ಬೇರೆ ಭಾಷೆಯ ಹೆಸರು, ಯಾರು ಯಾರ ಪಕ್ಕದಲ್ಲಿ ನಿಂತು ದತ್ತಿಗೆ ಒಪ್ಪಿದ್ದಾರೆ ಎಂಬುದನ್ನು ಪಟ್ಟಿಮಾಡಬೇಕು. ಕಡೂರು, ತರೀಕೆರೆ, ಅಜ್ಜಂಪುರಗಳ ಕಾಲೇಜುಗಳಲ್ಲಿರುವವರಿಗೆ ಈ ಕೆಲಸವು ಕೈಗೆಟುಕುವಂತಹುದು. ಶಾಸನದ ಸಂಪುಟವು ಗ್ರಂಥಾಲಯದಲ್ಲಿದೆ, ಕಲ್ಲುಗಳು ಊರಿನ ಗುಡಿಯ ಮುಂದಿವೆ. ಹಾಗೆ ಮಾಡಿದಲ್ಲಿ, ಹೊರಗಿನಿಂದ ಬಂದವರನ್ನು ಈ ಸೀಮೆಯು ಯಾವ ಷರತ್ತಿನ ಮೇಲೆ ತನ್ನವರನ್ನಾಗಿ ಮಾಡಿಕೊಂಡಿತೆಂಬುದು ಊರೂರಿನ ಮಟ್ಟದಲ್ಲಿ ತಿಳಿದುಬರುವುದು.