ಹೆಸರಿಲ್ಲದ ಬೇಟೆ ಚೂರಿಗೆ ವಯಸ್ಸೆಷ್ಟು?

ಹೋದ ತಿಂಗಳು ನನ್ನ ಫ್ರೆಂಡ್ ಸಂಡೇ ಬಜಾರಿಂದ ಒಂದು ಬೇಟೆ ಚೂರಿ ತಂದ. ಗೇಣುದ್ದದ ಅಲಗು, ಕೊಂಬಿನ ಹಿಡಿ, ಚರ್ಮದ ಒರೆ. ಕಂಪನಿ ಹೆಸರಿಲ್ಲ, ಊರಿನ ಹೆಸರಿಲ್ಲ. "ಬ್ರಿಟಿಷರ ಕಾಲದ್ದು ಸಾರ್, 150 ವರ್ಷ ಹಳೇದು. ಹೆಸರು ಹಾಕೋ ರೂಲ್ ಬರೋಕೆ ಮುಂಚಿನದು" ಅಂದನಂತೆ ಮಾರಿದವನು. ಆ ಒಂದು ಮಾತಿಗೆ ಇವನು 3 ಸಾವಿರ ಕೊಟ್ಟು ಬಂದಿದ್ದ.

ತಮಾಷೆ ಅಂದ್ರೆ, ರೂಲ್ ಬಂದಿದ್ದಂತೂ ನಿಜ. ಇಂಗ್ಲೆಂಡಿನ ಶೆಫೀಲ್ಡ್ ಆಗ ಚಾಕು-ಚೂರಿಗೆ ದೊಡ್ಡ ಹೆಸರು. ಅಲ್ಲಿನ ಚಾಕು ತಯಾರಕರ ಸಂಘ ಶುರುವಾಗಿದ್ದೇ 1624ರಲ್ಲಿ. ಜರ್ಮನಿಯ ಅಗ್ಗದ ಚಾಕುಗಳು ಶೆಫೀಲ್ಡ್ ಹೆಸರು ಹೊತ್ತು ಮಾರ್ಕೆಟ್ಟಿಗೆ ಬಂದಾಗ ಅವರಿಗೆ ಉರಿ ಹತ್ತಿತು. ಬ್ರಿಟನ್ 1887ರಲ್ಲಿ ಸುಳ್ಳು ಗುರುತಿನ ವಿರುದ್ಧ ಕಾಯ್ದೆ ತಂದಿತು. 1890ರಲ್ಲಿ ಅಮೆರಿಕದ ಮೆಕಿನ್ಲಿ ಸುಂಕ ಕಾಯ್ದೆ, ಆಮದಾದ ಸರಕಿನ ಮೇಲೆ ದೇಶದ ಹೆಸರು ಇರಲೇಬೇಕು ಅಂದಿತು.

ಆದ್ರೆ ಇವೆಲ್ಲ ಗಡಿ ದಾಟೋ ಸರಕಿನ ರೂಲು. ಊರ ಕಮ್ಮಾರನಿಗೆ ಯಾವ ಮೆಕಿನ್ಲಿ? ಒತ್ತಿದ ಹೆಸರು ಕೂಡ ಸಾಣೆ ಹಿಡಿದು ಹಿಡಿದು ಸವೆದುಹೋಗುತ್ತೆ. ಹೆಸರಿಲ್ಲ ಅನ್ನೋದು ವಯಸ್ಸಿಗೆ ಸಾಕ್ಷಿ ಅಲ್ಲ.

ಹಾಗಾಗಿ ಲೋಹವನ್ನೇ ಕೇಳಿದ್ವಿ. ನಿಂಬೆಹಣ್ಣು ಕೊಯ್ದು, ತೊಳೆಯದೆ ರಾತ್ರಿಯಿಡೀ ಬಿಟ್ಟೆವು. ಹಳೇ ಕಾಲದ ಉಕ್ಕಾಗಿದ್ರೆ ಬೆಳಗ್ಗೆ ಹೊತ್ತಿಗೆ ಕಪ್ಪು ಕಲೆ ಗ್ಯಾರಂಟಿ. ಇಲ್ಲಿ ಹೊಸದಾಗಿ ಸಾಣೆ ಹಿಡಿದ ಅಂಚಿನಲ್ಲೂ ಏನಿಲ್ಲ, ಫಳಫಳ. ಅಂದ್ರೆ ಸ್ಟೇನ್‌ಲೆಸ್ ಸ್ಟೀಲ್. ಅದೇ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ಆ ಉಕ್ಕು ಕರಗಿಸಿದ್ದು 1913ರಲ್ಲಿ. 150 ವರ್ಷದ ಕಥೆ ಅರ್ಧ ನಿಂಬೆಹಣ್ಣಿಗೆ ಮುಗೀತು.

ನನಗೆ ಅದಕ್ಕಿಂತ ತಲೆಕೆಡಿಸಿದ್ದು ಹಿಡಿ. ಮೂಳೆಗೆ ಮೆಷಿನ್‌ನಲ್ಲಿ ಗೀರು ಹಾಕಿದ್ರೆ ಒಂದೇ ಥರ ಸಾಲುಸಾಲಾಗಿ ಕಾಣುತ್ತೆ. ಪ್ಲಾಸ್ಟಿಕ್ ಅಚ್ಚಿನದಾದ್ರೆ ಎರಡೂ ಬದಿಯಲ್ಲಿ ಅದೇ ಉಬ್ಬು ಅದೇ ತಗ್ಗು. ಇದರಲ್ಲಿ ಮರದ ತೊಗಟೆ ಥರ ಅಂಕುಡೊಂಕು ಏಣು, ಕತ್ತರಿಸಿದ ತುದಿಯಲ್ಲಿ ಸಣ್ಣ ಸಣ್ಣ ರಂಧ್ರ. ನಿಜವಾದ ಕೊಂಬು! ನಮ್ಮ ಕಾಡಿನ ಕಡವೆ ಕೊಂಬು ಗಟ್ಟಿ ಅಂತ ಒಂದು ಕಾಲದಲ್ಲಿ ಹಡಗು ಹತ್ತಿ ಶೆಫೀಲ್ಡಿಗೆ ಹೋಗ್ತಿತ್ತು, ಚಾಕುವಿನ ಹಿಡಿಯಾಗೋಕೆ.

ಫ್ರೆಂಡ್ ಅಷ್ಟರಲ್ಲಿ ಫೋಟೋ ತೆಗೀತಾ ಇದ್ದ, ಆನ್‌ಲೈನ್‌ನಲ್ಲಿ ಮಾರೋಕೆ. ನಾನು ಫೋನ್ ಕಿತ್ಕೊಂಡೆ. 2023ರ ಹುಲಿ ಉಗುರಿನ ಗಲಾಟೆ ನೆನಪಿದೆ ಅಲ್ವಾ? ಅದೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದಕ್ಕೂ ಇದೆ. ಕಡವೆ ಕೊಂಬಿನ ವ್ಯಾಪಾರ ಅಪರಾಧ, ಕಾಡಲ್ಲಿ ತಾನಾಗೇ ಉದುರಿದ ಕೊಂಬಾದ್ರೂ ಬಿಡಲ್ಲ. ಇದು ಯಾವ ಜಿಂಕೆಯದು ಅಂತ ನೋಡಿ ಹೇಳಬೇಕಾದವರು ಅರಣ್ಯ ಇಲಾಖೆಯವರು, ನಾನಲ್ಲ.

"3 ಸಾವಿರ ಹೋಯ್ತಲ್ಲೋ" ಅಂದ. ಬಿಲ್ ಕೇಳಿದ್ಯಾ ಅಂದೆ. ಮಾತಿಲ್ಲ. ಸೋಮವಾರ ಇಬ್ಬರೂ ಅರಣ್ಯ ಇಲಾಖೆ ಆಫೀಸಿಗೆ ಹೋಗ್ತಿದ್ದೀವಿ, ಚೂರಿ ಹಳೇ ಪೇಪರ್‌ನಲ್ಲಿ ಸುತ್ಕೊಂಡು.