ಬೀದಿ ಯಾರಪ್ಪನ ಮನೆ ಸ್ವತ್ತು?

ಗಾಡಿ ನಿಲ್ಲಿಸೋ ಜಾಗದ ಮಾತೆತ್ತಿದರೆ ನಮ್ಮ ಗೆಳೆಯರಲ್ಲೇ ಕೆಲವರು ನಗುತ್ತಾರೆ. 'ಅದು ಕಾರಿದ್ದೋರ ತಕರಾರು ಕಣಯ್ಯ, ಭೂಮಿ-ಕೂಲಿ ವಿಷಯ ಮಾತಾಡು' ಅಂತಾರೆ. ಆದರೆ ಈ ದೇಶದಲ್ಲಿ ಗಾಡಿ ಹತ್ತೋದು, ಓಡಿಸೋದು, ನಿಲ್ಲಿಸೋದು ಮೂರೂ ಜಾತಿಯ ಲೆಕ್ಕದಲ್ಲೇ ನಡೆದುಬಂದಿವೆ. ಮೇಲ್ಜಾತಿಯವರ ಬೀದಿ ಬಂದರೆ ಹೊಲೆಯ ಮಾದಿಗರು ಎಕ್ಕಡ ಕಳಚಿ ಕೈಲಿ ಹಿಡೀಬೇಕಿತ್ತು, ಸೈಕಲ್ಲಿಂದ ಇಳಿದು ತಳ್ಳಿಕೊಂಡು ಹೋಗಬೇಕಿತ್ತು. ನಡೆಯೋದಕ್ಕೇ ಅಪ್ಪಣೆ ಬೇಕಾಗಿದ್ದ ಬೀದಿಯಲ್ಲಿ ನಿಲ್ಲೋ ಮಾತೆಲ್ಲಿ ಬಂತು?

1929ರಲ್ಲಿ ಬಾಬಾಸಾಹೇಬರಿಗೆ ಆದದ್ದನ್ನು ನೆನೆಯೋಣ. ಆಗಲೇ ಅವರು ವಿದೇಶದಲ್ಲಿ ಓದಿ ಬಂದ ಬ್ಯಾರಿಸ್ಟರು. ಅಸ್ಪೃಶ್ಯರ ಅಹವಾಲು ವಿಚಾರಿಸಲು ಮುಂಬೈ ಸರ್ಕಾರ ನೇಮಿಸಿದ್ದ ಸಮಿತಿಯ ಸದಸ್ಯರು. ಚಾಳೀಸಗಾಂವ್ ನಿಲ್ದಾಣದಲ್ಲಿ ಇಳಿದರೆ ಅವರನ್ನು ಮಹಾರವಾಡಕ್ಕೆ ಕರೆದೊಯ್ಯಲು ಒಬ್ಬ ಟಾಂಗಾದವನೂ ಒಪ್ಪಲಿಲ್ಲ. ಗಾಡಿ ಬಾಡಿಗೆಗೆ ಸಿಕ್ಕಿತು, ಗಾಡಿ ಹೊಡೆಯೋನು ಸಿಗಲಿಲ್ಲ. ಕೇರಿಯವರೊಬ್ಬರು ಲಗಾಮು ಹಿಡಿದರು, ಅವರಿಗೆ ಅಭ್ಯಾಸವಿರಲಿಲ್ಲ. ದಾರಿಯಲ್ಲಿ ಗಾಡಿ ಅಪಘಾತಕ್ಕೀಡಾಗಿ ಬಾಬಾಸಾಹೇಬರು ಕಲ್ಲಿನ ಮೇಲೆ ಬಿದ್ದರು, ಕಾಲು ಮುರಿಯಿತು. ಓದು, ಪದವಿ, ಸರ್ಕಾರಿ ಹುದ್ದೆ ಯಾವುದೂ ಒಂದು ಬಾಡಿಗೆ ಗಾಡಿಯವನನ್ನು ಹೊರಡಿಸಲಾಗಲಿಲ್ಲ.

ಈಗ ನಮ್ಮ ಮೈಸೂರಿಗೆ ಬರೋಣ. ಹತ್ತೊಂಬತ್ತನೇ ಶತಮಾನದ ಕೊನೆಗೆ ಪ್ಲೇಗು ಊರನ್ನು ಹಿಂಡಿತು. 1903ರಲ್ಲಿ ನಗರ ಸುಧಾರಣೆಗೆಂದೇ ಟ್ರಸ್ಟ್ ಬೋರ್ಡ್ ಹುಟ್ಟಿತು. ಹೊಸ ಬಡಾವಣೆಗಳೆದ್ದವು. ಮುಂದೆ ಅಗಲವಾದ ಬೀದಿ, ಸಾಲುಮರ, ಕಾಂಪೌಂಡು. ಹಿಂದೆ ಕನ್ಸರ್ವೆನ್ಸಿ ಗಲ್ಲಿ. ನಕ್ಷೆ ಬರೆದವರು ಜಾತಿಯ ಹೆಸರನ್ನು ಎಲ್ಲೂ ಬರೆಯಬೇಕಾಗಿರಲಿಲ್ಲ. ಮುಂದಿನ ಬೀದಿ ಮನೆಯೊಡೆಯನ ಸಾರೋಟಿಗೆ, ಹಿಂದಿನ ಗಲ್ಲಿ ಮಲದ ಬಕೆಟ್ಟು ಹೊತ್ತವಳಿಗೆ. ಊರನ್ನು ಕಟ್ಟಿದ ರೀತಿಯಲ್ಲೇ ಯಾರು ಎಲ್ಲಿ ನಿಲ್ಲಬೇಕೆಂಬುದು ತೀರ್ಮಾನವಾಗಿತ್ತು.

ಇದೇ ಊರಿನ ದಕ್ಷಿಣಕ್ಕೆ ಆದಿಕರ್ನಾಟಕಪುರ, ಇವತ್ತಿನ ಅಶೋಕಪುರಂ. ಪಂಚಮರೆಂದು ಕರೆಸಿಕೊಂಡವರು ಆದಿಕರ್ನಾಟಕರಾದರು. ಅವರ ಪುರಕ್ಕೆ ಆಮೇಲೆ ಬೌದ್ಧ ದೊರೆಯ ಹೆಸರು ಬಂತು. ಪಕ್ಕದಲ್ಲೇ ರೈಲ್ವೆ ವರ್ಕ್‌ಶಾಪು. ಹೆಸರು ಬದಲಾಯಿಸಿಕೊಂಡ ಈ ಜನ ಬೀದಿಯ ಅರ್ಥವನ್ನೂ ಬದಲಾಯಿಸಿದರು. ಏಪ್ರಿಲ್ 14 ಬಂದರೆ ಅಲ್ಲಿ ಬೀದಿ ಅಂದರೆ ತಮಟೆ, ನೀಲಿ ಬಾವುಟ, ಬಾಬಾಸಾಹೇಬರ ಮೆರವಣಿಗೆ.

1973ರ ನವೆಂಬರಿನಲ್ಲಿ ಇದೇ ಮೈಸೂರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದರು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಬಸವಲಿಂಗಪ್ಪನವರ ಮಂತ್ರಿಗಿರಿ ಹೋಯಿತು. ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿದ ಮಂತ್ರಿಯೂ ಅವರೇ. ಹಿತ್ತಲ ಗಲ್ಲಿಯಿಂದ ನಮ್ಮ ಹೆಣ್ಣುಮಕ್ಕಳನ್ನು ಬಿಡಿಸಹೊರಟವರನ್ನು ಮುಂದಿನ ಬೀದಿಯವರು ಕ್ಷಮಿಸಲಿಲ್ಲ. ಆಗ ಬೀದಿಗಿಳಿದ ಹುಡುಗರಿಂದಲೇ ನಮ್ಮ ಚಳವಳಿಗೆ ಕಸುವು ಬಂತು.

ಅಮೆರಿಕದ ಕರಿಯರ ಕಥೆ ಬೇರೆಯೇನಲ್ಲ. 1955ರ ಡಿಸೆಂಬರಿನಲ್ಲಿ ಮಾಂಟ್ಗೊಮರಿ ಊರಿನ ಕರಿಯರು ಬಸ್ಸು ಹತ್ತುವುದನ್ನೇ ಬಿಟ್ಟರು. 381 ದಿನ. ಸುಮಾರು 300 ಕಾರುಗಳನ್ನು ಒಟ್ಟುಮಾಡಿ, ಕರಿಯರ ಕೇರಿಗಳಲ್ಲಿ ಗಾಡಿ ನಿಲ್ಲೋ ಜಾಗ ಗೊತ್ತುಮಾಡಿ ಕೂಲಿಯವರನ್ನು ಕೆಲಸಕ್ಕೆ ಮುಟ್ಟಿಸಿದರು. ಪೊಲೀಸರು ಸಣ್ಣಪುಟ್ಟ ನೆಪಕ್ಕೆಲ್ಲ ದಂಡ ಹಾಕಿದರು. ಗಂಟೆಗೆ 25 ಮೈಲಿ ಮಿತಿಯಿದ್ದಲ್ಲಿ 30 ಮೈಲಿ ಓಡಿಸಿದನೆಂದು ಮಾರ್ಟಿನ್ ಲೂಥರ್ ಕಿಂಗರನ್ನೇ 1956ರ ಜನವರಿಯಲ್ಲಿ ಹಿಡಿದು ಒಳಗೆ ಹಾಕಿದರು. ಕೊನೆಗೆ ಆ ಕಾರುಗಳ ವ್ಯವಸ್ಥೆಯನ್ನೇ ನಿಲ್ಲಿಸಲು ನಗರಾಡಳಿತ ಕೋರ್ಟಿನಿಂದ ತಡೆಯಾಜ್ಞೆ ತಂದಿತು. ತಂದ ದಿನವೇ, 1956ರ ನವೆಂಬರ್ 13ರಂದು, ಬಸ್ಸಿನಲ್ಲಿ ವರ್ಣಭೇದ ಸಲ್ಲದೆಂಬ ತೀರ್ಪನ್ನು ಅಲ್ಲಿನ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಬಿಳಿಯರಿಗೆ ಚೆನ್ನಾಗಿ ಗೊತ್ತಿತ್ತು: ಗಾಡಿ ನಿಲ್ಲೋ ಜಾಗ ಕಿತ್ತುಕೊಂಡರೆ ಚಳವಳಿಯ ಕಾಲೇ ಮುರಿಯುತ್ತದೆ.

ನಮ್ಮ ಸಂವಿಧಾನದ 15ನೇ ವಿಧಿ ಬಾವಿ, ಕೆರೆ, ಸ್ನಾನಘಟ್ಟಗಳ ಜೊತೆಗೇ ರಸ್ತೆಯನ್ನೂ ಹೆಸರಿಸಿದೆ. ಅದು ಸುಮ್ಮನೆ ಸೇರಿದ ಪದವಲ್ಲ. ಆದರೂ 2015ರಲ್ಲಿ ದೌರ್ಜನ್ಯ ತಡೆ ಕಾಯ್ದೆಗೆ ತಿದ್ದುಪಡಿ ತಂದು, ದಲಿತರು ಸೈಕಲ್ಲು, ಮೋಟಾರು ಸೈಕಲ್ಲು ಹತ್ತುವುದನ್ನು ತಡೆಯುವುದು ಅಪರಾಧ ಎಂದು ಬರೆಯಬೇಕಾಯಿತು. ಸಂವಿಧಾನ ಜಾರಿಗೆ ಬಂದು 65 ವರ್ಷ ಕಳೆದ ಮೇಲೆ! ಇಷ್ಟು ಸಾಕಲ್ಲವೇ ಬೀದಿಯ ಸ್ಥಿತಿ ತಿಳಿಯಲು?

ಈಗ ಹೇಳಿ, ಗಾಡಿ ನಿಲ್ಲಿಸೋದು ಬರೀ ಕಾರಿನವರ ತಕರಾರೇ? ಕಾಂಪೌಂಡಿದ್ದವನ ಕಾರು ಕಾಂಪೌಂಡಿನೊಳಗೆ ಮಲಗುತ್ತದೆ. ಗೋಡೆಗೆ ಗೋಡೆ ಅಂಟಿದ ಕೇರಿಯ ಮನೆಗೆ ಬೀದಿಯೇ ಅಂಗಳ. ಆಟೋದವನ ಆಟೋ, ತರಕಾರಿಯವಳ ತಳ್ಳುಗಾಡಿ, ಗಾರೆ ಕೆಲಸದವನ ಹಳೇ ಬೈಕು ಅಲ್ಲೇ ನಿಲ್ಲಬೇಕು. ಅವು ಅವರ ಅನ್ನದ ತಟ್ಟೆ. ಅಲ್ಲಿ 'ವಾಹನ ನಿಲುಗಡೆ ನಿಷೇಧ' ಎಂದು ಬೋರ್ಡು ನೆಟ್ಟರೆ ಒಂದೇ ನಿಯಮ ಎರಡು ಮನೆಗೆ ಎರಡು ಥರ ಬೀಳುತ್ತದೆ. ಒಬ್ಬನಿಗೆ ಶಿಸ್ತು, ಇನ್ನೊಬ್ಬನಿಗೆ ಹೊಟ್ಟೆಯ ಮೇಲೆ ಹೊಡೆತ.

ಹಾಗೆಂದು ಬೀದಿಯನ್ನೆಲ್ಲ ಗಾಡಿಗೇ ಬಿಡಿ ಅನ್ನುತ್ತಿಲ್ಲ. ಮಕ್ಕಳು ಆಡಬೇಕು, ಮುದುಕರು ಜಗಲಿಯಲ್ಲಿ ಕೂರಬೇಕು, ಹೆಣ ಹೋಗಬೇಕು, ದಿಬ್ಬಣ ಬರಬೇಕು. ಬೇರೆ ಬಡಾವಣೆಯವನು ತನ್ನ ಎರಡನೇ ಕಾರನ್ನು ಕೇರಿಯ ಬಾಗಿಲಿಗೆ ತಂದು ನಿಲ್ಲಿಸುವುದೂ ಒಂದು ಒತ್ತುವರಿಯೇ. ಯಾವುದಕ್ಕೆ ಎಷ್ಟು ಜಾಗ ಅನ್ನೋದನ್ನು ಅಲ್ಲಿ ಬದುಕೋ ಜನರೇ ಕೂತು ತೀರ್ಮಾನಿಸಲಿ. ಬೋರ್ಡು ನೆಡೋ ಮುಂಚೆ, ರಸ್ತೆ ಅಗಲ ಮಾಡೋ ಮುಂಚೆ, ನಕ್ಷೆಯನ್ನು ಕೇರಿಗೆ ತಂದು ಹಾಸಲಿ.

ಮೇಷ್ಟ್ರುಗಳೇ, ವಿದ್ಯಾರ್ಥಿ ಮಿತ್ರರೇ, ನಿಮ್ಮ ಊರಿನ ಬೀದಿಗಳ ನಕ್ಷೆಯೊಂದನ್ನು ಮಕ್ಕಳ ಕೈಲಿ ಬರೆಸಿ. ಯಾರ ಗಾಡಿ ಎಲ್ಲಿ ನಿಲ್ಲುತ್ತೆ, ಯಾರದ್ದನ್ನು ಎಬ್ಬಿಸ್ತಾರೆ ಅಂತ ಗುರುತು ಹಾಕಿಸಿ. ಆ ಹಾಳೆಯನ್ನು ಪಂಚಾಯ್ತಿಯ ಮೇಜಿನ ಮೇಲೆ, ನಗರಪಾಲಿಕೆಯ ಮೇಜಿನ ಮೇಲೆ ಇಟ್ಟು ಉತ್ತರ ಕೇಳಿ.