ಆರ್ ತಂತ್ರಾಂಶದ ಕಥೆ: ಬಾಗಿಲು ತೆರೆದಿತ್ತು, ಒಳಗೆ ಬಂದವರು ಯಾರು?

ರಾಗಿಯ ನಾಲ್ಕು ತಳಿಗಳನ್ನು ಪಕ್ಕಪಕ್ಕದ ಮಡಿಗಳಲ್ಲಿ ಬಿತ್ತಿದ್ದಾರೆ ಎಂದುಕೊಳ್ಳಿ. ಒಂದು ತಳಿ ಎಕರೆಗೆ ಎರಡು ಕ್ವಿಂಟಲ್ ಜಾಸ್ತಿ ಕೊಟ್ಟಿತು. ಅದು ತಳಿಯ ಗುಣವೋ, ಆ ಮಡಿಗೆ ಮೊದಲೇ ಬಿದ್ದಿದ್ದ ಕೊಟ್ಟಿಗೆ ಗೊಬ್ಬರದ ಗುಣವೋ? ನಾವು ಕಟ್ಟೆ ಮೇಲೆ ಕೂತು ವಾದ ಮಾಡುತ್ತೇವೆ. ಸಂಶೋಧಕರು ಅದೇ ತಳಿಗಳನ್ನು ಹಲವು ಮಡಿಗಳಲ್ಲಿ ಬಿತ್ತಿ, ಬಂದ ಇಳುವರಿಯನ್ನು ಸಂಖ್ಯಾಶಾಸ್ತ್ರದ ಲೆಕ್ಕಕ್ಕೆ ಹಾಕುತ್ತಾರೆ. ಈ ಲೆಕ್ಕಕ್ಕೆ ಇವತ್ತು ಲೋಕದ ತುಂಬ ಬಳಸುವ ತಂತ್ರಾಂಶಗಳಲ್ಲಿ ಒಂದರ ಹೆಸರು ಬರೀ ಒಂದು ಅಕ್ಷರ: ಆರ್.

ಇದು ಹುಟ್ಟಿದ್ದು ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ, 1990ರ ದಶಕದ ಶುರುವಿನಲ್ಲಿ. ರಾಸ್ ಇಹಾಕಾ ಮಾವೋರಿ ಮೂಲದವರು, ರಾಬರ್ಟ್ ಜೆಂಟಲ್‌ಮನ್ ಕೆನಡಾದಿಂದ ಬಂದವರು. ಪಾಠ ಮಾಡಲು ಅವರಿಗೆ ಒಂದು ಒಳ್ಳೆಯ ಲೆಕ್ಕದ ತಂತ್ರಾಂಶ ಬೇಕಿತ್ತು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ 'ಎಸ್' ಎಂಬುದು ಆಗಲೇ ಇತ್ತು. ಅದರ ಜಾಡಿನಲ್ಲೇ ತಮ್ಮದೊಂದನ್ನು ಕಟ್ಟಿದರು. ಇಬ್ಬರ ಹೆಸರಿನ ಮೊದಲಕ್ಷರವೂ ಆರ್, ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಎಸ್‌ಗೆ ಹಿಂದಿನ ಅಕ್ಷರವೂ ಆರ್. ಹೆಸರು ಹಾಗೆ ಬಂತು.

ಮಾರಿ ದುಡ್ಡು ಮಾಡಿಕೊಳ್ಳುವ ದಾರಿ ಅವರ ಮುಂದೆಯೂ ಇತ್ತು. ಜ್ಯೂರಿಕ್‌ನ ಮಾರ್ಟಿನ್ ಮೇಕ್ಲರ್ ಎಂಬ ಸಂಖ್ಯಾಶಾಸ್ತ್ರಜ್ಞರು ಒತ್ತಾಯಿಸಿ ಬೇರೆ ದಾರಿ ತೋರಿಸಿದರು. 1995ರ ಜೂನ್‌ನಲ್ಲಿ ಆರ್‌ನ ಮೂಲ ಬರಹವನ್ನೇ ಎಲ್ಲರಿಗೂ ಬಿಟ್ಟುಕೊಟ್ಟರು. ಯಾರೂ ತೆಗೆದುಕೊಳ್ಳಬಹುದು, ತಿದ್ದಬಹುದು, ಹಂಚಬಹುದು. ಆದರೆ ತಿದ್ದಿ ಹಂಚಿದರೆ ಆ ತಿದ್ದುಪಡಿಯೂ ಎಲ್ಲರಿಗೂ ತೆರೆದಿರಬೇಕು. ನಮ್ಮ ಕಡೆಯ ಮುಯ್ಯಾಳು ಪದ್ಧತಿ ಗೊತ್ತಿದ್ದವರಿಗೆ ಈ ಕರಾರು ಹೊಸದಲ್ಲ. ಇವತ್ತು ನನ್ನ ಗದ್ದೆಯ ನಾಟಿಗೆ ನೀವು, ನಾಳೆ ನಿಮ್ಮ ಗದ್ದೆಗೆ ನಾನು.

ಆಮೇಲೆ ಕೆಲಸ ಬೇಗ ಬೆಳೆಯಿತು. 1997ರಲ್ಲಿ ಆರ್ ನೋಡಿಕೊಳ್ಳಲು ಒಂದು ಮುಖ್ಯ ತಂಡವಾಯಿತು. ಅದೇ ವರ್ಷ ಏಪ್ರಿಲ್‌ನಲ್ಲಿ, ಬಳಕೆದಾರರು ಬರೆದ ಸಣ್ಣ ಸಣ್ಣ ಸಲಕರಣೆಗಳನ್ನು ಒಂದೆಡೆ ಇಡುವ ಭಂಡಾರ ವಿಯೆನ್ನಾದಲ್ಲಿ ಶುರುವಾಯಿತು. ಇವಕ್ಕೆ ಪ್ಯಾಕೇಜ್ ಎನ್ನುತ್ತಾರೆ. ಮೊದಲ ದಿನ ಇದ್ದದ್ದು 12, ಈಗ 20,000 ದಾಟಿದೆ. ಆರ್ 1.0.0 ಹೊರಬಂದದ್ದು 2000ದ ಫೆಬ್ರವರಿ 29ರಂದು.

ಮುಯ್ಯಿಯ ಇನ್ನೊಂದು ಮುಖವನ್ನೂ ಹೇಳಬೇಕು. ಯಾರ ಮನೆಯವರನ್ನು ಕರೆಯುತ್ತಾರೆ, ಯಾರನ್ನು ಕರೆಯುವುದಿಲ್ಲ ಎಂಬುದು ಊರಲ್ಲಿ ಎಲ್ಲರಿಗೂ ಗೊತ್ತಿರುತ್ತದೆ, ಯಾರೂ ಬರೆದಿಟ್ಟಿರುವುದಿಲ್ಲ. ಆರ್‌ನಲ್ಲೂ ಹಾಗೇ ಆಯಿತು. ಯಾರೂ ಬರಬೇಡಿ ಎನ್ನಲಿಲ್ಲ, ಆದರೂ 1997ರ ಆ ಮುಖ್ಯ ತಂಡದಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಸುಮಾರು ಇಪ್ಪತ್ತು ವರ್ಷ ಸವೆದ ಮೇಲೆ, 2016ರಲ್ಲಿ ಎಣಿಸಿ ನೋಡಿದಾಗ, ಪ್ಯಾಕೇಜ್‌ಗಳ ಹೊಣೆ ಹೊತ್ತವರಲ್ಲಿ ಹೆಂಗಸರು ನೂರಕ್ಕೆ ಸುಮಾರು 11. ಅದೇ ವರ್ಷ ಬಳಕೆದಾರರ ಸಮ್ಮೇಳನಕ್ಕೆ ಬಂದವರಲ್ಲಿ ನೂರಕ್ಕೆ 28. ಅಂದರೆ ಕಲಿಯಲು, ಬಳಸಲು ಹೆಂಗಸರು ಬರುತ್ತಿದ್ದರು, ಕಟ್ಟುವ ಜಾಗಕ್ಕೆ ಹೋಗುವಷ್ಟರಲ್ಲಿ ಕಡಿಮೆಯಾಗುತ್ತಿದ್ದರು. ಇದನ್ನು ಆಸಕ್ತಿಯ ಕೊರತೆ ಎಂದು ತಳ್ಳಿಹಾಕುವವರು ಎಲ್ಲ ಕಡೆ ಇರುತ್ತಾರೆ. ಹಾಲಿನ ಡೇರಿಗೆ ಹಾಲು ಹಾಕುವವರು ಹೆಂಗಸರು, ಸಂಘದ ಮೇಜಿನ ಸುತ್ತ ಕೂರುವವರು ಗಂಡಸರು ಎಂಬುದನ್ನು ಕಂಡ ನಮಗೆ ಆ ಮಾತು ಒಪ್ಪಿಗೆಯಾಗುವುದಿಲ್ಲ.

ಗೇಬ್ರಿಯೆಲಾ ಡಿ ಕೇರೋಸ್ ಬ್ರೆಜಿಲ್‌ನವರು, ಓದಲು ಅಮೆರಿಕಕ್ಕೆ ಹೋದವರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪುಕ್ಕಟೆ ಕಲಿಕೆಯ ಕೂಟಗಳಿಗೆ ಹೋಗಿ ತುಂಬ ಕಲಿತರು. ಕಲಿತದ್ದನ್ನು ತಿರುಗಿ ಕೊಡಬೇಕು, ಹೆಂಗಸರು ಅಳುಕಿಲ್ಲದೆ ಪ್ರಶ್ನೆ ಕೇಳುವ ಜಾಗವೊಂದು ಇರಬೇಕು ಎಂದು 2012ರ ಅಕ್ಟೋಬರ್‌ನಲ್ಲಿ ಆರ್-ಲೇಡೀಸ್ ಶುರುಮಾಡಿದರು. ನಾಲ್ಕು ವರ್ಷ ಅದು ಸಣ್ಣದಾಗಿಯೇ ಇತ್ತು. 2016ರಲ್ಲಿ ಬೇರೆ ಊರಿನ ಹೆಂಗಸರೂ ಜೊತೆಯಾಗಿ, ಹಣದ ನೆರವೂ ಸಿಕ್ಕಿ, ಜಗತ್ತಿನ ತುಂಬ ಹಬ್ಬಿತು. ಈಗ 60ಕ್ಕೂ ಹೆಚ್ಚು ದೇಶಗಳಲ್ಲಿ ಇದರ ಗುಂಪುಗಳಿವೆ. ನಡವಳಿಕೆಯ ನಿಯಮ ಬರೆದಿಟ್ಟಿದ್ದಾರೆ, ಅದನ್ನು ಹಲವು ಭಾಷೆಗಳಿಗೆ ತಂದಿದ್ದಾರೆ. ಪಾಠ ಹೇಳುವವರೂ ಹೆಂಗಸರೇ ಆಗಿರುವುದರಿಂದ, ಕೇಳಲು ಬಂದವಳು ಮುಂದಿನ ಸಲ ಹೇಳಲು ನಿಲ್ಲುತ್ತಾಳೆ. ಆರ್ ಪ್ರತಿಷ್ಠಾನ ಕೂಡ 2015ರಲ್ಲಿ ಹೆಂಗಸರ ಪಾಲ್ಗೊಳ್ಳುವಿಕೆಗೆಂದು ಒಂದು ಕಾರ್ಯಪಡೆ ಮಾಡಿತು. ಎರಡು ವರ್ಷದೊಳಗೆ ಅದರ ವ್ಯಾಪ್ತಿಯನ್ನು ಹಿಂದುಳಿದ ಇತರ ಗುಂಪುಗಳಿಗೂ ಹಿಗ್ಗಿಸಿದರು.

ನಮಗೆ ಎಲ್ಲಕ್ಕಿಂತ ಹಿಡಿಸಿದ್ದು ಜೊನಾಥನ್ ಗಾಡ್‌ಫ್ರೀ ಅವರ ಕೆಲಸ. ಅವರು ನ್ಯೂಜಿಲೆಂಡಿನ ಮ್ಯಾಸಿ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಟ್ಟವರು, ಕಣ್ಣು ಕಾಣದವರು. ಗುಂಡಿ ಒತ್ತಿ, ಚಿತ್ರ ನೋಡಿ ನಡೆಸುವ ತಂತ್ರಾಂಶಗಳು ಅವರಿಗೆ ಕಷ್ಟ. ಆರ್‌ನಲ್ಲಿ ಬರೆದ ಸಾಲನ್ನು ಕೊಟ್ಟರೆ ಬರೆದ ಸಾಲಿನಲ್ಲೇ ಉತ್ತರ ಬರುತ್ತದೆ. ಪರದೆ ಓದಿ ಹೇಳುವ ಯಂತ್ರ ಅದನ್ನು ಓದಬಲ್ಲದು. ಹಾಗಾಗಿ ಕುರುಡರಿಗೆ ಆರ್ ಒಳ್ಳೆಯದು, ಆದರೆ ಇನ್ನೂ ಒಳ್ಳೆಯದಾಗಬಹುದು ಎಂದು 2013ರಲ್ಲಿ ಬರೆದರು. ಸುಮ್ಮನೆ ಬರೆದು ಬಿಡಲಿಲ್ಲ. ಬ್ರೈಲ್‌ಆರ್ ಎಂಬ ಪ್ಯಾಕೇಜನ್ನೇ ಕಟ್ಟಿದರು. ಪರದೆಯಲ್ಲಿ ಕಂಬಗಳ ನಕ್ಷೆ ಮೂಡಿದರೆ ಅದು ಮಾತಾಗುತ್ತದೆ: ತಲೆಬರಹ ಏನು, ಎಷ್ಟು ಕಂಬಗಳಿವೆ, ಯಾವ ಕಂಬದ ಎತ್ತರ ಎಷ್ಟು. ಮೂಲ ಬರಹ ಬೀಗ ಹಾಕಿದ ತಂತ್ರಾಂಶವಾಗಿದ್ದರೆ ಅವರು ಕಂಪನಿಗೆ ಅರ್ಜಿ ಹಾಕಿ ಕಾಯಬೇಕಿತ್ತು. ತೆರೆದ ತಂತ್ರಾಂಶದಿಂದ ಏನು ಲಾಭ ಎಂದು ಕೇಳುವವರಿಗೆ, ಪುಕ್ಕಟೆ ಎಂಬುದಕ್ಕಿಂತ ಇದನ್ನೇ ನಾವು ಮೊದಲು ಹೇಳುತ್ತೇವೆ.

ಹೊಲದ ಪ್ರಯೋಗದ ವಿಷಯಕ್ಕೆ ಬಂದರೆ, ಯಾವ ಮಡಿಗೆ ಯಾವ ತಳಿ ಎಂದು ಹಂಚುವುದರಿಂದ ಹಿಡಿದು ಇಳುವರಿಯ ವ್ಯತ್ಯಾಸ ನಿಜವೇ ಎಂದು ಅಳೆಯುವವರೆಗೆ ಕೃಷಿ ಸಂಶೋಧಕರು ಬಳಸುವ ಅಗ್ರಿಕೋಲೆ ಪ್ಯಾಕೇಜ್ ಬರೆದವರು ಪೆರು ದೇಶದ ಫೆಲಿಪೆ ಡಿ ಮೆಂಡಿಬುರು. ಆಲೂಗಡ್ಡೆಯ ತವರು ಅದು. ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರ ಇರುವುದೂ ಅಲ್ಲಿನ ಲಿಮಾದಲ್ಲೇ.

ಪಕ್ಕದ ಕೇರಳದಲ್ಲಿ ವೆಳ್ಳಾಯಣಿಯ ಕೃಷಿ ಕಾಲೇಜಿನವರು 2020ರಲ್ಲಿ ಗ್ರೇಪ್ಸ್ ಎಂಬುದನ್ನು ಹೊರತಂದರು. ಆದೇಶದ ಸಾಲು ಬರೆಯಲು ಬಾರದ ವಿದ್ಯಾರ್ಥಿಯೂ ತನ್ನ ಅಂಕಿಗಳ ಕಡತ ಹಾಕಿ, ಬೇಕಾದ ಲೆಕ್ಕ ಆರಿಸಿದರೆ ಸಾಕು. ಹಿಂದೆ ನಿಂತು ಲೆಕ್ಕ ಮಾಡುವುದು ಆರ್. ಆದರೆ ತೆರೆದ ಪುಟದಲ್ಲಿ ಇರುವುದು ಇಂಗ್ಲಿಷ್. ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿ ಕೃಷಿ ಪದವಿಗೆ ಹೋದ ಹುಡುಗಿಗೆ ಈ ಹೊಸಿಲು ದಾಟುವುದೇ ಮೊದಲ ಕೆಲಸ.

ಆರ್ ಮಟ್ಟಿಗೆ ಇದಕ್ಕೊಂದು ದಾರಿ ಇದೆ. 2005ರಲ್ಲಿ ಬಂದ 2.1.0 ಆವೃತ್ತಿಯಿಂದ, ನಾವು ತಪ್ಪು ಸಾಲು ಬರೆದಾಗ ಅದು ಕೊಡುವ ಎಚ್ಚರಿಕೆಯ ಮಾತುಗಳನ್ನು ಬೇರೆ ಭಾಷೆಗಳಿಗೆ ತರುವ ಏರ್ಪಾಡಿದೆ. ಜಪಾನಿ, ಕೊರಿಯನ್, ಪೋಲಿಷ್, ಟರ್ಕಿಷ್ ಭಾಷೆಯವರು ತಂದುಕೊಂಡಿದ್ದಾರೆ. ಮಾಡಿದವರು ಸಂಬಳದವರಲ್ಲ, ಆಯಾ ಭಾಷೆಯ ಬಳಕೆದಾರರು. ಧಾರವಾಡದಲ್ಲೋ ರಾಯಚೂರಿನಲ್ಲೋ ಸಂಖ್ಯಾಶಾಸ್ತ್ರ ಓದುತ್ತಿರುವ ನಾಲ್ಕೈದು ಮಂದಿ ಕೂತರೆ ಕನ್ನಡಕ್ಕೂ ಶುರುಮಾಡಬಹುದು. ಯಾರಿಗೂ ಶುಲ್ಕ ಕಟ್ಟಬೇಕಾಗಿಲ್ಲ.